ಮೋಟಾರಿನ ನಿದಾನ ಮತ್ತು ಮಾಲೀಕನ ಹಕ್ಕು

ತನ್ನ ಸ್ವಂತ ಮೋಟಾರು ಗಾಡಿಯ ಬಾನೆಟ್ಟನ್ನು ಎತ್ತಿ, ಅದಕ್ಕೇನು ಬೇನೆ ಬಂದಿದೆಯೆಂದು ನೋಡುವ ಅಧಿಕಾರ ಯಾರದು ಎಂಬ ಪ್ರಶ್ನೆ ನಮ್ಮ ಹಿರಿಯರ ಕಾಲದಲ್ಲಿ ಏಳುವಂತಿರಲಿಲ್ಲ. ಗಾಡಿ ಯಾರದೋ ಅಧಿಕಾರವೂ ಅವರದೇ ಆಗಿತ್ತು. ಈಗ ಅದು ನ್ಯಾಯಪೀಠಗಳ ಮುಂದೆಯೂ ಸರ್ಕಾರದ ಸಮಿತಿಗಳ ಮುಂದೆಯೂ ಬಂದು ನಿಂತಿರುವ ಪ್ರಶ್ನೆ. 2014ರ ಆಗಸ್ಟಿನಲ್ಲಿ ಭಾರತದ ಸ್ಪರ್ಧಾ ಆಯೋಗವು ಹದಿನಾಲ್ಕು ಕಾರು ತಯಾರಕರ ಮೇಲೆ ಒಟ್ಟು 2,544.65 ಕೋಟಿ ರೂಪಾಯಿಗಳ ದಂಡವನ್ನು ವಿಧಿಸಿತು. ಬಿಡಿಭಾಗಗಳನ್ನೂ ದೋಷ ಪತ್ತೆಮಾಡುವ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸುಲಭವಾಗಿ ದೊರೆಯದಂತೆ ಮಾಡಿದ್ದಾರೆ ಎಂಬುದು ಆಯೋಗ ಕಂಡ ತಪ್ಪು. ಕಂಪನಿಗಳು ಮೇಲ್ಮನವಿಗೆ ಹೋದವು. ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. 2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕಿ’ಗೆ ಒಂದು ಚೌಕಟ್ಟನ್ನು ರೂಪಿಸಲು ಸಮಿತಿಯನ್ನು ನೇಮಿಸಿತು. ಬೇಸಾಯದ ಯಂತ್ರ, ಮೊಬೈಲ್ ಫೋನು, ಮನೆಬಳಕೆಯ ಸಾಮಗ್ರಿಗಳೊಡನೆ ಮೋಟಾರು ವಾಹನವೂ ಅದರ ಪಟ್ಟಿಯಲ್ಲಿ ಸೇರಿತು. ಅದೇ ವರ್ಷದ ಡಿಸೆಂಬರ್ 24ರಂದು ಈ ಹಕ್ಕಿನ ಹೆಸರಿನಲ್ಲಿ ಒಂದು ಜಾಲತಾಣವೂ ತೆರೆಯಿತು.

ಇಷ್ಟೆಲ್ಲ ಆದ ಮೇಲೂ, ಹಕ್ಕು ದೊರೆತ ದಿನ ಅದನ್ನು ಹಿಡಿಯುವ ಕೈಗಳು ನಮ್ಮಲ್ಲಿ ಎಷ್ಟು ಉಳಿದಿರುತ್ತವೆ ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ. ಇಂದಿನ ಕಾರು ಚಕ್ರ ಕಟ್ಟಿದ ಗಣಕಯಂತ್ರ, ಮನೆಯಂಗಳದಲ್ಲಿ ಪಾನಾ ಹಿಡಿದು ಕೂರುವ ಕಾಲ ಮುಗಿಯಿತು ಎಂದು ವಿದ್ಯಾವಂತರೇ ಹೇಳುತ್ತಾರೆ. ಈ ಮಾತು ಪೂರ್ತಿ ನಿಜವಲ್ಲ. ಕೈಯ ಕೆಲಸ ಕಡಮೆಯಾಗಿರುವುದು ಹೌದು. ತಲೆಯ ಕೆಲಸಕ್ಕೆ ಮಾತ್ರ ಹಿಂದೆಂದೂ ಇಲ್ಲದಷ್ಟು ಅವಕಾಶ ಒದಗಿದೆ.

ನಮ್ಮ ವೈದ್ಯಶಾಸ್ತ್ರದಲ್ಲಿ ರೋಗದ ಕಾರಣವನ್ನು ಅರಸುವುದಕ್ಕೆ ನಿದಾನವೆಂದು ಹೆಸರು. ಮಾಧವಕರನ ‘ಮಾಧವನಿದಾನ’ವೆಂಬ ಗ್ರಂಥ ಪೂರ್ತಿಯಾಗಿ ಈ ಒಂದು ವಿಷಯಕ್ಕೇ ಮೀಸಲು. ಆ ನಿದಾನಕ್ಕೂ ನಾವು ಆಡುಮಾತಿನಲ್ಲಿ ಹೇಳುವ ನಿಧಾನಕ್ಕೂ ಒಂದು ಮಹಾಪ್ರಾಣದ ಅಂತರ ಮಾತ್ರ. (ಸಂಸ್ಕೃತದಲ್ಲಿ ಈ ಎರಡನೆಯದಕ್ಕೆ ನಿಧಿಯೆಂಬ ಅರ್ಥವೂ ಉಂಟು, ಬಿಡಿಭಾಗದ ಅಂಗಡಿಯವರು ಅದನ್ನು ಒಪ್ಪಿಯಾರು.) ಮನೆಯ ಮೆಕ್ಯಾನಿಕ್ಕಿಗೆ ಇರುವ ಬಲ ಆ ನಿಧಾನವೇ. ಗ್ಯಾರೇಜಿನವನಿಗೆ ಸಂಜೆಯೊಳಗೆ ನಾಲ್ಕು ಗಾಡಿ ಬಿಡಬೇಕಾಗಿದೆ. ಅನುಮಾನವಿರುವ ಭಾಗವನ್ನು ಬದಲಾಯಿಸಿ ನೋಡುವುದು ಅವನಿಗೆ ಹತ್ತಿರದ ದಾರಿ. ಮನೆಯವನಿಗೆ ಭಾನುವಾರ ಪೂರ್ತಿ ಇದೆ. ಭಾಗ ಕೊಳ್ಳುವ ಮೊದಲು ಯೋಚಿಸಬಲ್ಲ.

ಬೆಳಗ್ಗೆ ಗಾಡಿ ಸ್ಟಾರ್ಟ್ ಆಗಲಿಲ್ಲ ಎಂಬ ಸಾಮಾನ್ಯ ದೂರನ್ನೇ ತೆಗೆದುಕೊಳ್ಳೋಣ. ಇದು ಒಂದು ರೋಗವಲ್ಲ, ಹಲವು ರೋಗಗಳಿಗೆ ಇಟ್ಟ ಒಂದು ಹೆಸರು. ಕೀಲಿ ತಿರುಗಿಸಿದಾಗ ‘ಟಿಕ್’ ಎಂದಷ್ಟೇ ಸದ್ದು ಬಂದು ದೀಪಗಳು ಮಂಕಾದರೆ ವಿದ್ಯುತ್ತಿನ ಕಡೆ ನೋಡಬೇಕು. ಎಂಜಿನು ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಬ್ಯಾಟರಿಯನ್ನು ಬೈಯುವುದು ಅನ್ಯಾಯ. ಪೆಟ್ರೋಲೋ ಕಿಡಿಯೋ ಬರುತ್ತಿಲ್ಲ. ಮೊದಲನೆಯ ಸಂದರ್ಭದಲ್ಲಿ ಕೆಲವು ನೂರು ರೂಪಾಯಿಯ ಒಂದು ಮಲ್ಟಿಮೀಟರು ಬಹಳ ಮಾತನಾಡುತ್ತದೆ. ರಾತ್ರಿಯೆಲ್ಲ ನಿಂತಿದ್ದ ಗಾಡಿಯ ಬ್ಯಾಟರಿ 12.6 ವೋಲ್ಟು ತೋರಿದರೆ ಅದು ತುಂಬಿದೆ. 12ಕ್ಕೆ ಇಳಿದಿದ್ದರೆ ಬಹುಮಟ್ಟಿಗೆ ಬರಿದಾಗಿದೆ. ಎಂಜಿನು ಓಡುವಾಗ ಸಾಮಾನ್ಯವಾಗಿ 13.8ರಿಂದ 14.4ರ ಆಸುಪಾಸು ಇರಬೇಕು. ಓಡುತ್ತಿರುವಾಗಲೂ ಅದು 12ರ ಕಡೆಗೇ ಜಾರುತ್ತಿದ್ದರೆ ರೋಗಿ ಆಲ್ಟರ್ನೇಟರು; ಹೊಸ ಬ್ಯಾಟರಿ ತಂದರೆ ಅದೂ ಒಂದೆರಡು ದಿನಗಳಲ್ಲಿ ಹಳೆಯದರ ಗತಿಯನ್ನೇ ಕಾಣುತ್ತದೆ. ಎಷ್ಟೋ ಸಲ ಇಷ್ಟು ದೂರ ಹೋಗುವ ಅಗತ್ಯವೂ ಇರುವುದಿಲ್ಲ. ಟರ್ಮಿನಲ್ಲಿನ ಮೇಲೆ ಬಿಳಿ ಹಸುರು ಬೂಷ್ಟು ಕಟ್ಟಿರುತ್ತದೆ. ಋಣ ತಂತಿಯನ್ನು ಮೊದಲು ಬಿಚ್ಚಿ, ಅಡಿಗೆ ಸೋಡ ಬೆರೆಸಿದ ಬಿಸಿನೀರಿನಿಂದ ತೊಳೆದು, ಒರಸಿ, ಬಿಗಿದರೆ ಗಾಡಿ ಹೊರಡುತ್ತದೆ.

ಎಂಜಿನು ಕಾಯುವ ದೋಷ ಇದಕ್ಕಿಂತ ಸ್ವಾರಸ್ಯವಾದದ್ದು. ಇಲ್ಲಿ ‘ಏನು’ ಎನ್ನುವುದಕ್ಕಿಂತ ‘ಯಾವಾಗ’ ಎನ್ನುವುದೇ ಮುಖ್ಯ. ಹೆದ್ದಾರಿಯಲ್ಲಿ ತಣ್ಣಗೆ ಓಡುವ ಗಾಡಿ ಬೆಂಗಳೂರಿನ ಸಿಲ್ಕ್ ಬೋರ್ಡಿನ ಸಂದಣಿಯಲ್ಲಿ ನಿಂತಾಗ ಮಾತ್ರ ಕಾಯುತ್ತದೆಯೇ? ಓಡುವಾಗ ಬೀಸುವ ಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ, ನಿಂತಾಗ ಆ ಕೆಲಸ ಫ್ಯಾನಿನದು; ಆದ್ದರಿಂದ ಫ್ಯಾನನ್ನೂ ಅದರ ಫ್ಯೂಸನ್ನೂ ರಿಲೇಯನ್ನೂ ನೋಡಬೇಕು. ಊರೊಳಗೆ ಸುಖವಾಗಿದ್ದು, ಹೆದ್ದಾರಿಯ ವೇಗದಲ್ಲಿ ಇಲ್ಲವೆ ಶಿರಾಡಿ ಘಾಟಿಯ ಏರಿನಲ್ಲಿ ಕಾಯುವ ಗಾಡಿಗೆ ಫ್ಯಾನು ಸರಿಯಾಗಿದ್ದೀತು. ಕಟ್ಟಿಕೊಂಡ ರೇಡಿಯೇಟರಿನ ಮೇಲೆ, ಪೂರ್ತಿ ತೆರೆಯದ ಥರ್ಮೋಸ್ಟಾಟಿನ ಮೇಲೆ ಗುಮಾನಿ ಹೋಗಬೇಕು. ಇಷ್ಟನ್ನು ಒಂದು ಸ್ಕ್ರೂ ಕೂಡ ಬಿಚ್ಚದೆ ತಿಳಿಯಬಹುದು. ಕಾದ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಮುಟ್ಟಬಾರದು. ಒಳಗೆ ಸುಮಾರು ಒಂದು ವಾಯುಭಾರದಷ್ಟು ಹೆಚ್ಚಿನ ಒತ್ತಡವಿದ್ದು ನೀರು 120 ಡಿಗ್ರಿಯ ತನಕ ಕುದಿಯದೆ ತಡೆದುಕೊಂಡಿರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣ ಅದು ಆವಿಯಾಗಿ ಮುಖಕ್ಕೇ ನುಗ್ಗುತ್ತದೆ. ಸದ್ದಡಗದ ಕುಕ್ಕರಿನ ಮುಚ್ಚಳವನ್ನು ಯಾವ ಗೃಹಿಣಿಯೂ ತೆರೆಯುವುದಿಲ್ಲ. ಗಂಡಸರು ರೇಡಿಯೇಟರನ್ನು ತೆರೆಯುತ್ತಾರೆ.

ಇದೆಲ್ಲ ಅಂಬಾಸಡರಿನ ಕಾಲದ ವಿದ್ಯೆಯೇ. ಹೊಸದು ಬಂದಿರುವುದು ಬೇರೆ ಕಡೆ. 1996ರಿಂದ ಅಮೆರಿಕದ ಕಾರುಗಳಿಗೂ, ಭಾರತದಲ್ಲಿ 2010ರಿಂದ ಮೊದಲನೆಯ ಹಂತವಾಗಿ, 2013ರಿಂದ ಎರಡನೆಯ ಹಂತವಾಗಿಯೂ ಹೊಸ ಗಾಡಿಗಳಿಗೆ ಒಂದು ಸ್ವಪರೀಕ್ಷೆಯ ವ್ಯವಸ್ಥೆ ಕಡ್ಡಾಯವಾಯಿತು. ಸ್ಟಿಯರಿಂಗಿನ ಕೆಳಗೆ, ಮೊಣಕಾಲಿನ ಬಳಿ, ಎಂಟರಂತೆ ಎರಡು ಸಾಲಿನಲ್ಲಿ ಹದಿನಾರು ಮುಖಗಳ ಒಂದು ಪುಟ್ಟ ಕಿಂಡಿ ಇರುತ್ತದೆ. ಅದನ್ನು ಕಡ್ಡಾಯಮಾಡಿದ್ದು ಮಾಲೀಕನ ಮೇಲಿನ ಪ್ರೀತಿಯಿಂದಲ್ಲ, ಹೊಗೆಯ ಭಯದಿಂದ. ಆದರೂ ಲಾಭ ಮಾಲೀಕನಿಗೂ ಆಗಿದೆ. ಒಂದೆರಡು ಸಾವಿರ ರೂಪಾಯಿಯೊಳಗಿನ ಒಂದು ಓದುಗವನ್ನು ಆ ಕಿಂಡಿಗೆ ಸಿಕ್ಕಿಸಿ ಕೈಯ ಫೋನಿಗೆ ಜೋಡಿಸಿದರೆ ಗಾಡಿ ತನ್ನ ನೋವನ್ನು ತಾನೇ ಅಂಕಿಗಳಲ್ಲಿ ಹೇಳುತ್ತದೆ.

ಹೇಳುವುದು ನೋವನ್ನು, ಕಾರಣವನ್ನಲ್ಲ. ಇಂದಿನ ದುರಸ್ತಿಯ ತೊಡಕೆಲ್ಲ ಇರುವುದು ಈ ವ್ಯತ್ಯಾಸದಲ್ಲಿ. ನಮ್ಮ ಬೀದಿಯ ನಿವೃತ್ತ ಮೇಷ್ಟರೊಬ್ಬರ 2014ರ ಕಾರಿನಲ್ಲಿ ಎಂಜಿನಿನ ಹಳದಿ ದೀಪ ಹೊತ್ತಿತು. ಒಂದು ಕಡೆ ತೋರಿಸಿದರು. ‘ಪಿ 0171’ ಎಂಬ ಸಂಕೇತ ಬಂದಿದೆ, ಮಿಶ್ರಣದಲ್ಲಿ ಇಂಧನ ಕಡಮೆಯೆಂದು ಅದರರ್ಥ, ಆಮ್ಲಜನಕದ ಸೆನ್ಸರು ಹಾಳಾಗಿದೆ ಎಂದು ಹೇಳಿ ಅದನ್ನು ಬದಲಾಯಿಸಿದರು. ಸಾವಿರಾರು ರೂಪಾಯಿಯ ಬಿಲ್ಲಾಯಿತು. ಹತ್ತು ದಿನಕ್ಕೆ ದೀಪ ಮತ್ತೆ ಹೊತ್ತಿತು. “ದೂತನನ್ನು ಬದಲಾಯಿಸಿದರೆ ಸುದ್ದಿ ಬದಲಾಗುತ್ತದೆಯೇ, ಮೇಷ್ಟ್ರೇ?” ಎಂದು ನಾನು ಕೇಳಿದಾಗ ಅವರು ನಕ್ಕರು; ಲೆಕ್ಕದ ಮೇಷ್ಟರಾದ್ದರಿಂದ ಮುಂದಿನದು ಅವರಿಗೆ ಬೇಗ ಹಿಡಿಸಿತು.

ಎಂಜಿನಿನ ಗಣಕ ಸೆನ್ಸರಿನ ಮಾತು ಕೇಳಿ ಪೆಟ್ರೋಲನ್ನು ನೂರಕ್ಕೆ ಇಷ್ಟೆಂದು ಹೆಚ್ಚು ಕಡಮೆ ಮಾಡುತ್ತಲೇ ಇರುತ್ತದೆ. ಆ ತಿದ್ದುಪಡಿಯ ಅಂಕಿ ಓದುಗದಲ್ಲಿ ಕಾಣುತ್ತದೆ. ಮೇಷ್ಟರ ಗಾಡಿಯಲ್ಲಿ ನಿಂತು ಓಡುವಾಗ ಅದು ಇಪ್ಪತ್ತನ್ನು ದಾಟಿತ್ತು. ಎಂಜಿನಿನ ವೇಗವನ್ನು ನಿಮಿಷಕ್ಕೆ 2,500 ಸುತ್ತಿಗೆ ಏರಿಸಿದಾಗ ಐದಕ್ಕೆ ಇಳಿಯಿತು. ಸೆನ್ಸರು ಸುಳ್ಳು ಹೇಳುತ್ತಿದ್ದರೆ ಎರಡು ಕಡೆಯೂ ಸುಳ್ಳು ಹೇಳಬೇಕಾಗಿತ್ತು. ಪೆಟ್ರೋಲ್ ಪಂಪು ಬಳಲಿದ್ದರೆ ಬೇಡಿಕೆ ಏರಿದಂತೆ ಕೊರತೆ ಹೆಚ್ಚಬೇಕಾಗಿತ್ತು. ನಿಂತಾಗ ಹೆಚ್ಚು, ವೇಗದಲ್ಲಿ ಕಡಮೆ ಎಂದರೆ ಎಲ್ಲೋ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಸುಳುತ್ತಿದೆ. ಎಂಜಿನು ಸ್ವಲ್ಪವೇ ಉಸಿರಾಡುವಾಗ ಆ ಕಳ್ಳಗಾಳಿಯ ಪಾಲು ದೊಡ್ಡದು, ಜೋರಾಗಿ ಉಸಿರಾಡುವಾಗ ಚಿಕ್ಕದು. ಟಾರ್ಚು ಹಿಡಿದು ಹುಡುಕಿದಾಗ ಬೆರಳುದ್ದದ ಒಂದು ರಬ್ಬರು ಕೊಳವೆ ಮಡಿಕೆಯಲ್ಲಿ ಬಿರುಕುಬಿಟ್ಟಿತ್ತು. ಹೊಸ ಕೊಳವೆಗೆ ಬಿದ್ದ ಖರ್ಚು ಸೆನ್ಸರಿನ ಬೆಲೆಯ ಮುಂದೆ ಏನೇನೂ ಅಲ್ಲ.

ಈ ಲೆಕ್ಕ ಒಂದು ಬೀದಿಯ ಒಂದು ಕಾರಿಗೆ ಮುಗಿಯುವಂಥದಲ್ಲ. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ, ಭಾರತ ಇಂಧನ ಸಪ್ತಾಹದ ಸಭೆಯಲ್ಲಿ, ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ದೊರೆಯಿತು. 2025ರ ವೇಳೆಗೆ ಅದು ದೇಶದ ತುಂಬ ಹರಡಿ, ಹಳೆಯ ಗಾಡಿಗಳವರ ಗೊಣಗಾಟ ಬೊಬ್ಬೆಯಾಯಿತು. ಮೈಲೇಜು ಕುಸಿಯಿತು, ಎಂಜಿನು ಕೆಟ್ಟಿತು ಎಂದು ಒಂದು ಪಕ್ಷ. ಇಳಿಕೆ ಅಲ್ಪ, ಭಯ ಆಧಾರವಿಲ್ಲದ್ದು ಎಂದು ಸರ್ಕಾರದ ಪಕ್ಷ. ಎಥನಾಲಿಲ್ಲದ ಪೆಟ್ರೋಲೂ ಸಿಗಲಿ ಎಂದು ಕೇಳಿದ ಅರ್ಜಿಯನ್ನು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 1ರಂದು ತಳ್ಳಿಹಾಕಿತು.

ಇಲ್ಲಿ ಕೂಗುವುದಕ್ಕಿಂತ ಅಳೆಯುವುದು ಲೇಸು. ಒಂದು ಲೀಟರು ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿನದರ ಸುಮಾರು ಮೂರರಲ್ಲಿ ಎರಡು ಪಾಲು. ಹಾಗಾದರೆ ಇಪ್ಪತ್ತು ಪಾಲು ಬೆರೆತಾಗ ಶುದ್ಧ ಪೆಟ್ರೋಲಿಗಿಂತ ನೂರಕ್ಕೆ ಆರು ಏಳರಷ್ಟು ಶಕ್ತಿ ಕಡಮೆಯಾಗುತ್ತದೆ. ಶುದ್ಧ ಪೆಟ್ರೋಲಿಗೆ ರಚಿತವಾಗಿ ಹತ್ತು ಪಾಲಿಗೆ ಹೊಂದಿಸಿದ ಕಾರುಗಳ ವಿಷಯದಲ್ಲಿ ನೀತಿ ಆಯೋಗದ 2021ರ ವರದಿಯೂ ಹೆಚ್ಚು ಕಡಮೆ ಇದೇ ಅಂಕಿಯನ್ನು ಕೊಟ್ಟಿತ್ತು. ಹತ್ತರಿಂದ ಇಪ್ಪತ್ತಕ್ಕೆ ಏರಿದ್ದರಿಂದಲೇ ಆಗುವ ನಷ್ಟ ಅದರ ಅರ್ಧ. ಆದುದರಿಂದ ಲೀಟರಿಗೆ ಹದಿನೈದು ಕಿಲೋಮೀಟರು ಓಡುತ್ತಿದ್ದ ಕಾರು ಹದಿನಾಲ್ಕೂವರೆಗೆ ಬಂದರೆ ಎಥನಾಲೇ ಹೊಣೆಯೆನ್ನಬಹುದು. ಹನ್ನೆರಡಕ್ಕೆ ಇಳಿದರೆ ಉಳಿದದ್ದಕ್ಕೆ ಬೇರೆ ಕಾರಣ ಹುಡುಕಬೇಕು—ಗಾಳಿ ಇಳಿದ ಟೈರು, ಬಿಡದೆ ಹಿಡಿದುಕೊಂಡ ಬ್ರೇಕು, ತೆರೆದುಕೊಂಡೇ ನಿಂತ ಥರ್ಮೋಸ್ಟಾಟು. ಎಥನಾಲಿನಲ್ಲಿ ಆಮ್ಲಜನಕವಿದೆ, ಒಂದು ಕಿಲೋ ಪೆಟ್ರೋಲಿಗೆ 14.7 ಕಿಲೋ ಗಾಳಿ ಬೇಕಾದರೆ ಅದಕ್ಕೆ 9 ಸಾಕು. ಹಳೆಯ ಕಾರಿನ ಗಣಕ ಇದನ್ನು ‘ಇಂಧನ ಕಡಮೆ’ ಎಂದು ತಿಳಿದು ತಿದ್ದುಪಡಿಯನ್ನು ಏರಿಸುತ್ತದೆ. ಮೊದಲೇ ಬಿರುಕು ಕೊಳವೆಯಿದ್ದ ಗಾಡಿಗೆ ಈ ಚಿಕ್ಕ ಏರಿಕೆಯೇ ಸಾಕು, ದೀಪ ಹೊತ್ತುತ್ತದೆ. ಅಪವಾದ ಪೂರ್ತಿ ಎಥನಾಲಿಗೆ ಬರುತ್ತದೆ. ಇನ್ನೊಂದೆಡೆ, ಹಳೆಯ ರಬ್ಬರಿಗೆ ಎಥನಾಲು ಹಿತವಲ್ಲವೆಂಬುದೂ ನಿಜ. ಕೆಲವು ಹಳೆಯ ಗಾಡಿಗಳಲ್ಲಿ ದೀರ್ಘ ಬಳಕೆಯ ಮೇಲೆ ರಬ್ಬರು ಭಾಗಗಳನ್ನು ಬದಲಾಯಿಸಬೇಕಾದೀತೆಂದು ಸರ್ಕಾರವೇ ಒಪ್ಪಿದೆ. ಕೊಳವೆ ತಾನಾಗಿ ಮುಪ್ಪಾಯಿತೋ, ಇಂಧನದಿಂದ ಮುಪ್ಪಾಯಿತೋ ಎಂಬ ವಾದದಲ್ಲಿ ಮಾಲೀಕನ ಕೈಯಲ್ಲಿ ಹಿಂದಿನ ಎರಡು ವರ್ಷಗಳ ಅಂಕಿಗಳಿದ್ದರೆ ಅವನ ಮಾತಿಗೊಂದು ತೂಕ ಬರುತ್ತದೆ. ಇಲ್ಲದಿದ್ದರೆ ಎರಡೂ ಪಕ್ಷದವರ ನಡುವೆ ಅವನು ಬರಿಯ ಪ್ರೇಕ್ಷಕ.

ಎಲ್ಲವೂ ಅಂಗಳದ ಕೆಲಸವೆಂದು ಹೇಳುವಷ್ಟು ಭೋಳೆತನ ನನಗಿಲ್ಲ. ಏರ್‌ಬ್ಯಾಗಿನ ಹಳದಿ ತಂತಿಯನ್ನೂ ವಿದ್ಯುತ್ ಕಾರಿನ ಕಿತ್ತಳೆ ಬಣ್ಣದ ತಂತಿಯನ್ನೂ ಬಲ್ಲವರಿಗೇ ಬಿಡತಕ್ಕದ್ದು. ಎರಡನೆಯದರಲ್ಲಿ ನಾನೂರು ವೋಲ್ಟಿನವರೆಗೆ, ಕೆಲವು ಗಾಡಿಗಳಲ್ಲಿ ಎಂಟುನೂರರವರೆಗೆ ಹರಿಯುತ್ತದೆ. ಬರಿಯ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ತಲೆಯಿಡುವುದು ಸಾಹಸವಲ್ಲ, ಅವಿವೇಕ. ತಯಾರಕರ ಬೀಗಗಳೆಲ್ಲ ದುರುದ್ದೇಶದವೆಂದೂ ಹೇಳಲಾಗದು. ನಕಲಿ ಕೀಲಿಗೆ ಎಂಜಿನು ಹೊತ್ತದಂತೆ ತಡೆಯುವ ಬೀಗ ನಮ್ಮ ಹಿತಕ್ಕೇ ಇದೆ. ಆದರೆ ಹೊಸ ಬ್ಯಾಟರಿ ಹಾಕಿದ ಮೇಲೆ ಅದನ್ನು ಗಣಕದಲ್ಲಿ ನೋಂದಾಯಿಸಬೇಕಾದ ಗಾಡಿಗಳು ಬಂದಿವೆ. ದೋಷವನ್ನು ಓದಲು ಬಿಟ್ಟು, ತಿದ್ದಿದ ಮೇಲೆ ಅಳಿಸಲು ಬಿಡದ ಬೀಗಗಳೂ ಬಂದಿವೆ. ಕಳ್ಳನಿಗೆ ಹಾಕಿದ ಬೀಗ ಮನೆಯೊಡೆಯನಿಗೂ ತೆರೆಯದೆಂದರೆ ಅದರ ಉದ್ದೇಶವನ್ನು ಕೇಳಬೇಕಾಗುತ್ತದೆ. ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದ ಜನ ಇದನ್ನು 2012ರಲ್ಲಿ ಮತಪೆಟ್ಟಿಗೆಯಲ್ಲೇ ಕೇಳಿದರು. ಗಾಡಿಯ ಸುದ್ದಿ ತಂತಿಯಿಲ್ಲದೆ ನೇರವಾಗಿ ಕಂಪನಿಗೆ ಹೋಗತೊಡಗಿದಾಗ 2020ರಲ್ಲಿ ಮತ್ತೊಮ್ಮೆ ಕೇಳಿ, ಭಾರಿ ಬಹುಮತದಿಂದ ಆ ಸುದ್ದಿ ಮಾಲೀಕನಿಗೂ ಅವನು ಆರಿಸಿದ ಮೆಕ್ಯಾನಿಕ್ಕಿಗೂ ಸಲ್ಲಬೇಕೆಂದರು.

ನಮ್ಮಲ್ಲಿ ಆ ಮೆಕ್ಯಾನಿಕ್ಕಿನ ಪಾಡೇ ಹೆಚ್ಚು ಯೋಚನೆಗೆ ಈಡುಮಾಡುವಂಥದು. ಮಾಲೀಕನಿಗೆ ಇದು ಭಾನುವಾರದ ಹವ್ಯಾಸ, ಅವನಿಗೆ ಅನ್ನ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳ ಹಿಂದಿನ ಓಣಿಯೊಂದರಲ್ಲಿ ನಾನು ಕಂಡ ಗ್ಯಾರೇಜಿನವನು ಎಂಜಿನಿನ ಸದ್ದು ಕೇಳಿಯೇ ಎಷ್ಟನೆಯ ಸಿಲಿಂಡರು ತಪ್ಪುತ್ತಿದೆಯೆಂದು ಹೇಳಬಲ್ಲವನು. ಓದುಗವನ್ನೂ ಕೊಂಡಿದ್ದಾನೆ, ಅದು ತೋರಿಸುವುದೆಲ್ಲ ಇಂಗ್ಲಿಷಿನಲ್ಲಿ, ಅವನಿಗೆ ಆ ಭಾಷೆ ಬಾರದು. ಆದ್ದರಿಂದ ಎಣ್ಣೆ ಹಿಡಿದ ಒಂದು ನೋಟುಬುಕ್ಕಿನಲ್ಲಿ ಒಂದೊಂದು ಸಂಕೇತದ ಎದುರಿಗೂ ಕನ್ನಡದಲ್ಲಿ ತನ್ನ ಟಿಪ್ಪಣಿ ಬರೆದಿಟ್ಟುಕೊಂಡಿದ್ದಾನೆ. ‘ಪಿ 0171’ರ ಎದುರಿಗೆ, ‘ಸೆನ್ಸರು ಬೇಡ, ಪೈಪು ಮೊದಲು’ ಎಂದಿತ್ತು.