ಅಂಗಾಲಿನ ಕರಿಮಚ್ಚೆ

ದಾವಣಗೆರೆ ಜಿಲ್ಲೆಯ ಗೋವಿನಕೋವಿಯಂಥ ಊರೊಂದರಲ್ಲಿ, ದಿನ ಬೆಳಗಾದರೆ ಬರಿಗಾಲಿನಲ್ಲಿ ಗದ್ದೆಗೆ ಇಳಿಯುವ ಹಿರಿಯರೊಬ್ಬರನ್ನು ಕಲ್ಪಿಸಿಕೊಳ್ಳಿರಿ. ಅವರ ಅಂಗಾಲಿನಲ್ಲಿ ಒಂದು ಕರಿಮಚ್ಚೆ ಮೂಡುತ್ತದೆ. ಮುಳ್ಳು ಮುರಿದಿರಬೇಕೆಂದು ಒಬ್ಬರೂ ಆಣಿಯೆಂದು ಮತ್ತೊಬ್ಬರೂ ಹೇಳುತ್ತಾರೆ. ನೋವಿಲ್ಲ, ನೋವಿಲ್ಲದುದಕ್ಕೆ ವೈದ್ಯರೇಕೆ? ಹೀಗೆ ವರ್ಷ ಕಳೆದು, ಮಚ್ಚೆಯು ಒಡೆದು ರಕ್ತ ಒಸರತೊಡಗಿದಾಗ, ಪಟ್ಟಣದಲ್ಲಿರುವ ಮಗನ ಮನೆಗೆ ಅವರನ್ನು ಕರೆತರಲಾಗುತ್ತದೆ. ಪರೀಕ್ಷೆಯಾದ ಮೇಲೆ ಮನೆಮಂದಿಯೆಲ್ಲ ವೈದ್ಯರನ್ನು ಕೇಳುವ ಪ್ರಶ್ನೆ ಒಂದೇ: “ಮುಂದೇನು, ಡಾಕ್ಟರೇ? ವಾಸಿಯಾದೀತೆ?”

ಈ ಪ್ರಶ್ನೆಗೆ ವೈದ್ಯಶಾಸ್ತ್ರವು ಹೇಗೆ ಉತ್ತರ ಹುಡುಕುತ್ತದೆ ಎಂಬುದನ್ನು ಈ ವಾರ ವಿಚಾರ ಮಾಡೋಣ.

ಚರ್ಮದ ಅರ್ಬುದಗಳು ಹಲವು ಬಗೆ. ಅವುಗಳಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಿಂದ ಹುಟ್ಟುವ ‘ಮೆಲನೋಮ’ ಎಂಬುದು ಬಹು ಅಪಾಯಕರವಾದುದು. ಬಿಳಿಯ ಮೈಬಣ್ಣದವರಲ್ಲಿ ಇದು ಹೆಚ್ಚು. ಬಿಸಿಲಿನ ಅತಿನೇರಳೆ ಕಿರಣಗಳೇ ಅಲ್ಲಿ ಮುಖ್ಯ ಕಾರಣ. ನಮ್ಮವರಲ್ಲಿ ಇದು ವಿರಳ. ಆದರೆ ಬಂದಾಗ ಬಹುಮಟ್ಟಿಗೆ ಬಿಸಿಲು ಬೀಳದ ಎಡೆಯಲ್ಲಿಯೇ ಬರುತ್ತದೆ: ಅಂಗಾಲು, ಅಂಗೈ, ಉಗುರಿನ ಬುಡ. ಜಮೈಕಾದ ಪ್ರಸಿದ್ಧ ಗಾಯಕ ಬಾಬ್ ಮಾರ್ಲೆಗೆ ಕಾಲ್ಬೆರಳಿನ ಉಗುರಿನಡಿಯಲ್ಲಿ ಈ ರೋಗ ಇರುವುದು 1977ರಲ್ಲಿ ತಿಳಿಯಿತು. 1981ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ, ಆತ ತೀರಿಕೊಂಡ. ಕಪ್ಪು ಚರ್ಮದವರಿಗೆ ಈ ರೋಗವಿಲ್ಲವೆಂಬ ಭ್ರಮೆಯನ್ನು ಕಳೆಯಲು ಈ ಒಂದು ನಿದರ್ಶನವೇ ಸಾಕು.

ಮುಂದಾಗುವುದನ್ನು ತಿಳಿಯಲು ವೈದ್ಯರು ಮೊದಲು ನೋಡುವುದು ಮಚ್ಚೆಯ ಅಗಲವನ್ನಲ್ಲ, ಅದರ ಆಳವನ್ನು. ಅಮೆರಿಕದ ಅಲೆಗ್ಸಾಂಡರ್ ಬ್ರೆಸ್ಲೊ ಎಂಬ ವೈದ್ಯರು 1970ರಲ್ಲಿ ಈ ಅಳತೆಯ ಮಹತ್ವವನ್ನು ತೋರಿಸಿಕೊಟ್ಟರು. 1 ಮಿಲಿಮೀಟರಿನೊಳಗೆ ಇದ್ದರೆ ಶಸ್ತ್ರಚಿಕಿತ್ಸೆಯಿಂದಲೇ ವಾಸಿಯಾಗುವ ಆಸೆ ಬಲವಾಗಿರುತ್ತದೆ; 4 ಮಿಲಿಮೀಟರು ದಾಟಿದರೆ ಅಪಾಯ ಬಹಳ. ಮಚ್ಚೆ ಒಡೆದು ಹುಣ್ಣಾಗಿದೆಯೇ, ತೊಡೆಯ ಸಂದಿನ ಗ್ರಂಥಿಗಳಿಗೆ ರೋಗ ಹಬ್ಬಿದೆಯೇ ಎಂಬುದನ್ನೂ ನೋಡುತ್ತಾರೆ.

ಆದರೆ ಒಂದೇ ಆಳದ ರೋಗವಿರುವ ಇಬ್ಬರಲ್ಲಿ ಒಬ್ಬರು ಹಲವು ವರ್ಷ ಸುಖವಾಗಿ ಬಾಳುವುದೂ ಇನ್ನೊಬ್ಬರು ಬೇಗನೆ ಸೋಲುವುದೂ ಉಂಟು. ಈ ವ್ಯತ್ಯಾಸಕ್ಕೆ ಕಾರಣವನ್ನು ರೋಗದಲ್ಲಿ ಮಾತ್ರ ಹುಡುಕಿದರೆ ಸಾಲದು, ರೋಗಿಯ ಶರೀರದಲ್ಲಿಯೂ ಹುಡುಕಬೇಕೆಂದು ವಿಜ್ಞಾನಿಗಳು ಕಂಡುಕೊಂಡರು.

ನಮ್ಮ ಹಳ್ಳಿಗಳಲ್ಲಿ ಹಿಂದೆ ತಳವಾರನು ಇರುಳೆಲ್ಲ ಊರು ಸುತ್ತಿ ಕಾವಲು ಕಾಯುತ್ತಿದ್ದನಷ್ಟೆ. ಶರೀರದಲ್ಲಿ ಆ ಕೆಲಸವನ್ನು ಮಾಡುವುದು ಬಿಳಿಯ ರಕ್ತಕಣಗಳು. ಅವುಗಳಲ್ಲಿಯೂ ವಿಶೇಷವಾಗಿ ‘ಲಿಂಫೊಸೈಟ್’ ಎಂಬ ಕಣಗಳು. ಕಳ್ಳನು ಮನೆ ಹೊಕ್ಕಾಗ ತಳವಾರನು ಒಳಗೆ ನುಗ್ಗಿದನೇ, ಅಂಗಳದಲ್ಲಿಯೇ ನಿಂತನೇ, ಅಥವಾ ಬರಲೇ ಇಲ್ಲವೇ? ಗಡ್ಡೆಯ ತುಣುಕನ್ನು ಸೂಕ್ಷ್ಮದರ್ಶಕದಡಿಯಲ್ಲಿ ಇಟ್ಟು ವೈದ್ಯರು ನೋಡುವುದೂ ಇದನ್ನೇ. ವಾಲೇಸ್ ಕ್ಲಾರ್ಕ್ ಮತ್ತು ಅವರ ಸಹೋದ್ಯೋಗಿಗಳು 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಡ್ಡೆಯೊಳಕ್ಕೆ ಲಿಂಫೊಸೈಟುಗಳು ದಟ್ಟವಾಗಿ ನುಗ್ಗಿದ್ದವರ ಸ್ಥಿತಿ ಮೇಲಾಗಿದ್ದುದು ಕಂಡುಬಂದಿತು.

ಕೆಲವೊಮ್ಮೆ ತಳವಾರನು ಬಂದಿದ್ದರೂ ಕೈ ಎತ್ತುವುದಿಲ್ಲ. ಕಳ್ಳನು ಊರ ಗೌಡರ ಸುಳ್ಳು ಮುದ್ರೆಯನ್ನು ತೋರಿಸಿ “ನಾನು ಮನೆಯವನೇ” ಎಂದುಬಿಟ್ಟರೆ ಅವನು ಸುಮ್ಮನಾಗುವುದಿಲ್ಲವೇ? ಅರ್ಬುದ ಕೋಶಗಳು ಮೈಮೇಲೆ ತಳೆಯುವ ‘ಪಿಡಿ-ಎಲ್1’ ಎಂಬ ವಸ್ತುವು ಅಂಥದೊಂದು ಮುದ್ರೆ. ಕಾವಲು ಕಣಗಳನ್ನು ತಡೆದು ನಿಲ್ಲಿಸುವ ಇಂಥ ಕಟ್ಟುಗಳನ್ನು ಸಡಿಲಿಸುವ ಮಾರ್ಗವನ್ನು ತೋರಿದ ಅಮೆರಿಕದ ಜೇಮ್ಸ್ ಆ್ಯಲಿಸನ್ ಮತ್ತು ಜಪಾನಿನ ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಪಾರಿತೋಷಕ ದೊರೆಯಿತು. ಈ ಬಗೆಯ ಮೊದಲನೆಯ ಔಷಧಕ್ಕೆ ಅಮೆರಿಕದಲ್ಲಿ 2011ರಲ್ಲಿ ಮನ್ನಣೆ ದೊರೆತುದು ಮೆಲನೋಮ ರೋಗಕ್ಕಾಗಿಯೇ. ಹಿಂದೆ ಮೈಯೆಲ್ಲ ಹಬ್ಬಿದ ಮೆಲನೋಮದಲ್ಲಿ ಹೆಚ್ಚಿನವರು ಒಂದು ವರ್ಷ ಬದುಕುವುದೂ ಕಷ್ಟವಾಗಿತ್ತು. ಎರಡು ಔಷಧಗಳನ್ನು ಕೂಡಿಸಿ ಕೊಟ್ಟ ಒಂದು ದೊಡ್ಡ ಪರೀಕ್ಷೆಯಲ್ಲಿ ಹತ್ತು ವರ್ಷಗಳ ತರುವಾಯವೂ ನೂರಕ್ಕೆ 43 ಮಂದಿ ಜೀವಿಸಿದ್ದರೆಂದು 2024ರಲ್ಲಿ ಪ್ರಕಟವಾಯಿತು.

ಇಲ್ಲಿ ಎರಡು ಎಚ್ಚರಿಕೆಯ ಮಾತುಗಳನ್ನು ಹೇಳಲೇಬೇಕು. ಮೊದಲನೆಯದು, ಪಿಡಿ-ಎಲ್1 ಕಾಣದವರಿಗೂ ಈ ಔಷಧದಿಂದ ಗುಣವಾಗಿರುವುದುಂಟು; ಆದುದರಿಂದ ಅದು ಸೂಚನೆಯೇ ಹೊರತು ತೀರ್ಪಲ್ಲ. ಎರಡನೆಯದು, ಬಿಸಿಲಿನಿಂದ ಹುಟ್ಟಿದ ಗಡ್ಡೆಯ ಕೋಶಗಳಲ್ಲಿ ಮಾರ್ಪಾಟುಗಳು ಬಹಳವಿರುವುದರಿಂದ ಅವು ಕಾವಲುಗಾರರ ಕಣ್ಣಿಗೆ ಬೇಗ ಬೀಳುತ್ತವೆ. ಅಂಗಾಲಿನ ಗಡ್ಡೆಯಲ್ಲಿ ಅಂಥ ಗುರುತುಗಳು ಕಡಿಮೆ. ಔಷಧದ ಫಲವೂ ಸಾಮಾನ್ಯವಾಗಿ ಕಡಿಮೆ. ಪರದೇಶದ ಅಂಕಿಗಳನ್ನು ನಮ್ಮ ಮನೆಯ ಹಿರಿಯರಿಗೆ ಹಾಗೆಯೇ ಹೊಂದಿಸಿ ಆಸೆಪಡುವುದು ಸರಿಯಲ್ಲ.

ಇನ್ನೊಂದು ಸೂಚಕವು ಸಾಮಾನ್ಯ ರಕ್ತಪರೀಕ್ಷೆಯಲ್ಲಿಯೇ ಸಿಗುತ್ತದೆ. ನ್ಯೂಟ್ರೊಫಿಲ್ 60, ಲಿಂಫೊಸೈಟ್ 30 ಇದ್ದರೆ ಅವುಗಳ ಪ್ರಮಾಣ 2. 80 ಮತ್ತು 10 ಇದ್ದರೆ 8. ಮುಂದುವರಿದ ಅರ್ಬುದದಲ್ಲಿ ಈ ಪ್ರಮಾಣವು ಏರಿದ್ದರೆ ಅಷ್ಟು ಒಳ್ಳೆಯದಲ್ಲ. ಆದರೆ ಕಾಲಿನ ಕೀವು, ಜ್ವರ, ಕೆಲವು ಮಾತ್ರೆಗಳು, ಇವುಗಳಿಂದಲೂ ಅದು ಏರುತ್ತದೆ. ಆದುದರಿಂದ ವರದಿಯ ಕಾಗದವನ್ನು ಹಿಡಿದು ಮನೆಯಲ್ಲಿಯೇ ಭಾಗಾಕಾರ ಮಾಡಿ ಎದೆಗೆಡಬೇಡಿರಿ.

ಕೊನೆಯ ಸೂಚಕವೊಂದು ಬಹು ವಿಚಿತ್ರವಾದುದು. ಈ ಹೊಸ ಚಿಕಿತ್ಸೆ ಪಡೆಯುವ ಮೆಲನೋಮ ರೋಗಿಗಳಲ್ಲಿ ಕೆಲವರಿಗೆ ಮೈಮೇಲೆ ತೊನ್ನಿನಂಥ ಬಿಳಿಯ ಕಲೆಗಳು ಏಳುತ್ತವೆ. ಎಚ್ಚೆತ್ತ ಕಾವಲು ಕಣಗಳು ರೋಗದ ಕೋಶಗಳೊಡನೆ ಚರ್ಮದ ಬಣ್ಣದ ಕೋಶಗಳನ್ನೂ ಹೊಡೆಯುವುದೇ ಇದಕ್ಕೆ ಕಾರಣ. ಹಾಗೆ ಕಲೆಯೆದ್ದವರು ಹೆಚ್ಚು ಕಾಲ ಬಾಳುವುದು ಕಂಡುಬಂದಿದೆ. ಕಂಡೊಡನೆ ನಾವು ಮುಖ ತಿರುಗಿಸುವ ಕಲೆಯು ಇಲ್ಲಿ ಶುಭಚಿಹ್ನೆ! ಸಾಮಾನ್ಯವಾದ ತೊನ್ನು ಅರ್ಬುದವೂ ಅಲ್ಲ, ಅಂಟುವ ರೋಗವೂ ಅಲ್ಲ ಎಂಬುದನ್ನು ಇದೇ ಸಂದರ್ಭದಲ್ಲಿ ನೆನಪಿಡುವುದು ಲೇಸು.

ಇಷ್ಟೆಲ್ಲ ಸೂಚಕಗಳಿದ್ದರೂ, ಕಾಲಕ್ಕೆ ಸರಿಯಾಗಿ ತೋರಿಸಿದ ಮಚ್ಚೆಯಷ್ಟು ಒಳ್ಳೆಯ ಭವಿಷ್ಯವನ್ನು ಬೇರಾವುದೂ ನುಡಿಯದು. ಅಂಗಾಲಿನ ಮಚ್ಚೆಗಳಲ್ಲಿ ಬಹುಪಾಲು ನಿರುಪದ್ರವಿಯೇ. ಆದರೆ ಹೊಸದಾಗಿ ಹುಟ್ಟಿ ಬೆಳೆಯುತ್ತಿರುವುದು, ಅಂಚು ಅಂಕುಡೊಂಕಾದುದು, ಒಂದೇ ಮಚ್ಚೆಯಲ್ಲಿ ಎರಡು ಮೂರು ಬಣ್ಣಗಳಿರುವುದು, ರಕ್ತ ಒಸರುವುದು, ಉಗುರಿನಲ್ಲಿ ಕರಿಗೆರೆ ಅಗಲವಾಗುತ್ತ ಹೋಗುವುದು—ಇವು ಕಂಡರೆ ತಡಮಾಡಬಾರದು. ಬ್ಲೇಡಿನಿಂದ ಕೊಯ್ಯುವುದು, ಆ್ಯಸಿಡ್ ಹಚ್ಚಿ ಸುಡುವುದು ಕೂಡದು. ತುಣುಕು ತೆಗೆದು ಪರೀಕ್ಷಿಸಿದರೆ ರೋಗ ಹರಡುತ್ತದೆಂಬ ಹೆದರಿಕೆಗೆ ಆಧಾರವಿಲ್ಲ. ದಾವಣಗೆರೆ, ಶಿವಮೊಗ್ಗಗಳ ದೊಡ್ಡ ಆಸ್ಪತ್ರೆಗಳಲ್ಲಿ ಚರ್ಮರೋಗ ತಜ್ಞರಿದ್ದಾರೆ. ಮುಂದಿನ ಚಿಕಿತ್ಸೆಗೆ ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯುಂಟು.

ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ, ಎಣ್ಣೆಸ್ನಾನದ ದಿನ ತಂದೆತಾಯಿಯರ ಕಾಲಿಗೆ ನೀವೇ ಎಣ್ಣೆ ತೀಡಿರಿ. ಹಾಗೆಯೇ ಅವರ ಅಂಗಾಲನ್ನೂ ಬೆರಳುಗಳ ಸಂದುಗಳನ್ನೂ ಬೆಳಕಿಗೆ ಹಿಡಿದು ನೋಡಿರಿ. ವಯಸ್ಸಾದವರು ತಮ್ಮ ಅಂಗಾಲನ್ನು ತಾವೇ ನೋಡಿಕೊಳ್ಳಲಾರರು. ಅದನ್ನು ನೋಡಬೇಕಾದವರು ಮಕ್ಕಳೇ.