ಸಿಮೆಂಟ್ ಬಳಿದರೆ ಸಾಕೇ?



ಹೋದ ಹಿಂಗಾರು ಮಳೆಯಲ್ಲಿ ನಮ್ಮ ಮನೆಯ ಹಿಂದಿನ ಮಣ್ಣಿನ ಗೋಡೆ ಕುಸಿಯಿತು. ನಮ್ಮಜ್ಜಿ ಆ ಗೋಡೆ ಪಕ್ಕದಲ್ಲೇ ಮಲಗುವುದು. ಅವತ್ತು ಎಮ್ಮೆ ಅರಚಿತೆಂದು ಎದ್ದು ಕೊಟ್ಟಿಗೆಗೆ ಹೋಗಿದ್ದರು, ಉಳಿದುಕೊಂಡರು. ಆ ಗೋಡೆಗೆ ಎರಡು ವರ್ಷದ ಕೆಳಗೆ ತಾನೇ ಸಿಮೆಂಟ್ ಗಿಲಾವು ಮಾಡಿಸಿದ್ದೆವು. ಈಗ ಉಳಿದ ಗೋಡೆಗಳಿಗೂ ಸಿಮೆಂಟ್ ಹಾಕಿಸಿ ಭದ್ರ ಮಾಡೋಣ ಅಂತ ಅಪ್ಪ ಹೇಳುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಯಾಕೆ ಅಂತ ಬರೆಯುತ್ತೇನೆ.

ಒಂದು ಸೀಮೆಸುಣ್ಣದ ತುದಿಯನ್ನು ಶಾಯಿಯಲ್ಲಿ ಅದ್ದಿ ನಿಲ್ಲಿಸಿ. ಶಾಯಿ ತಾನಾಗಿ ಮೇಲಕ್ಕೆ ಏರುತ್ತದೆ. ಮಣ್ಣಿನ ಗೋಡೆಯೂ ಹಾಗೆಯೇ, ನೆಲದ ನೀರನ್ನು ದೀಪದ ಬತ್ತಿಯಂತೆ ಹೀರುತ್ತದೆ. ಮೊದಲು ಮಣ್ಣು ಮೆತ್ತಿ ಸುಣ್ಣ ಬಳಿದಿದ್ದಾಗ ಆ ನೀರು ಗಾಳಿ ಬಿಸಿಲಿಗೆ ಆರಿ ಹೋಗುತ್ತಿತ್ತು. ಸಿಮೆಂಟ್ ಬಳಿದ ಮೇಲೆ ಅದಕ್ಕೆ ಹೊರಬರುವ ದಾರಿ ಕಡಿಮೆ. ಸಾಲದ್ದಕ್ಕೆ ಸಿಮೆಂಟ್ ಕೂದಲೆಳೆಯಷ್ಟು ಸೀಳು ಬಿಡುತ್ತದೆ, ಮಳೆ ಅಲ್ಲಿಂದ ಒಳಗೆ ಇಳಿಯುತ್ತದೆ. ಹೊರಗೆ ಮುಟ್ಟಿದರೆ ಕಲ್ಲಿನ ಹಾಗೆ, ಒಳಗೆ ಕೆಸರು! ನಮ್ಮ ಗೋಡೆ ಬಿದ್ದಾಗ ಮಣ್ಣು ರಾಗಿ ಮುದ್ದೆಯಷ್ಟು ಮೆತ್ತಗಿತ್ತು. ಸಿಮೆಂಟ್ ಮಾತ್ರ ಹಪ್ಪಳದ ಹಾಗೆ ಬೇರೆ ಎದ್ದು ಬಂದಿತ್ತು. ಅದರ ಹಿಂದೆ ಬಿಳಿ ಉಪ್ಪು. ಚೌಳು ಅಂತೀವಲ್ಲ, ಅದೇ.

ಸುಟ್ಟ ಇಟ್ಟಿಗೆ ಮನೆಯವರು ಇದನ್ನು ಓದಿ ನಗಬಹುದು. ನಿಮ್ಮ ಗೋಡೆಗೆ ಸಿಮೆಂಟ್ ಒಗ್ಗುತ್ತದೆ. ನಾನು ಹೇಳುತ್ತಿರುವುದು ಮಣ್ಣಿನ ಗೋಡೆಯ ಮಾತು.

ನಮ್ಮೂರ ಲಕ್ಷ್ಮೀನಾರಾಯಣ ದೇವಸ್ಥಾನವನ್ನು ಒಂದು ಸಲ ಗೋಡೆ ದೃಷ್ಟಿಯಿಂದ ನೋಡಿ. ಹೊಯ್ಸಳರ ಕಾಲದ್ದು, 13ನೇ ಶತಮಾನದ್ದು. ನಾವೆಲ್ಲ ಆನೆ ಸಾಲು, ಕುದುರೆ ಸಾಲು ನೋಡುತ್ತೇವೆ, ಸೂರು ನೋಡುವುದಿಲ್ಲ. ಅಲ್ಲಿ ಚಾವಣಿಯ ಅಂಚಿಗೆ ಒಂದು ಸೂರು, ಅದರ ಕೆಳಗೆ ಸುತ್ತಲೂ ಇನ್ನೊಂದು ಸೂರು. ಇಡೀ ಗುಡಿ ನೆಲದ ಮೇಲಲ್ಲ, ಎತ್ತರದ ಜಗತಿಯ ಮೇಲೆ ನಿಂತಿದೆ. ಅದು ಬಳಪದ ಕಲ್ಲು, ನಮ್ಮದು ಮಣ್ಣು, ಒಪ್ಪುತ್ತೇನೆ. ಆದರೆ ಕಲ್ಲಿಗೇ ಅಷ್ಟು ಸೂರು ಬೇಕಾದರೆ ಮಣ್ಣಿಗೆ ಎಷ್ಟು ಬೇಕು? ಶ್ರೀರಂಗಪಟ್ಟಣದ ದರಿಯಾ ದೌಲತ್ ಕೂಡ ಹಾಗೆಯೇ. 1784ರಲ್ಲಿ ಕಟ್ಟಿದ್ದು. ಪೊಳ್ಳಿಲೂರು ಯುದ್ಧದ ಚಿತ್ರ ಇರುವುದು ಹೊರಗೋಡೆಯ ಮೇಲೆ. ನಡುವೆ ಮತ್ತೆ ಬಣ್ಣ ಹಾಕಿಸಿದ್ದೂ ಉಂಟು, ಆದರೆ ಅಗಲವಾದ ಪಡಸಾಲೆ ಮಳೆ ತಡೆಯದಿದ್ದರೆ ಎಷ್ಟು ಸಲ ಹಾಕಿದರೂ ನಿಲ್ಲುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಏನಾಗಿತ್ತು? ಹೆಂಚು ತೆಗೆದು ಶೀಟ್ ಹಾಕಿಸಿದಾಗ ದುಡ್ಡು ಉಳಿಸಲು ಸೂರನ್ನು ಒಂದು ಗೇಣಿಗೆ ನಿಲ್ಲಿಸಿದೆವು. ಬೀದಿ ಕಾಂಕ್ರೀಟ್ ಆದ ಮೇಲೆ ಜಗಲಿ ತಗ್ಗಾಯಿತು. ಹಿಂದಿನ ಗೋಡೆಗೆ ಒತ್ತಿಕೊಂಡೇ ತಿಪ್ಪೆ. ಪಾತ್ರೆ ತೊಳೆದ ನೀರೂ ಅಲ್ಲಿಗೇ. ಇಷ್ಟೆಲ್ಲ ಮಾಡಿ ಮೇಲೆ ಸಿಮೆಂಟ್ ಬಳಿದೆವು!

ಆ ದುಡ್ಡಿನಲ್ಲಿ ಸೂರನ್ನು ಎರಡು ಅಡಿ ಮುಂದಕ್ಕೆ ತರಬಹುದು. ಗೋಡೆ ಬುಡದ ನೆಲವನ್ನು ಹೊರಕ್ಕೆ ಇಳಿಜಾರು ಮಾಡಿ ಒಂದು ಕಾಲುವೆ ತೆಗೆಯಬಹುದು, ಅದಕ್ಕೆ ಗುದ್ದಲಿ ಸಾಕು. ಬಿರುಕಿಗೆ ಮಣ್ಣನ್ನೇ ಮೆತ್ತಿ, ಯುಗಾದಿಗೆ ಸುಣ್ಣ ಬಳಿದರಾಯಿತು. ವರ್ಷ ವರ್ಷ ಬಳಿಯುವ ಕಷ್ಟ ಅವ್ವನಿಗೇ ಗೊತ್ತು, ಅದಕ್ಕೇ ಅವ್ವನಿಗೂ ಸಿಮೆಂಟ್ ಇಷ್ಟ. ಈ ಸಲ ನಾನೂ ತಮ್ಮನೂ ಬಳಿಯುತ್ತೇವೆ ಅಂತ ಹೇಳಿದ್ದೇನೆ.

ಹೋದ ಭಾನುವಾರ ತಿಪ್ಪೆಯನ್ನು ಎತ್ತಿ ಹೊಲಕ್ಕೆ ಹಾಕಿದೆವು. ಸಿಮೆಂಟ್ ವಿಷಯದಲ್ಲಿ ಅಪ್ಪ ಇನ್ನೂ ಒಪ್ಪಿಲ್ಲ. ಅಜ್ಜಿಯ ಚಾಪೆ ಮಾತ್ರ ಈಗ ನಡುಮನೆಗೆ ಬಂದಿದೆ.