ಬುತ್ತಿ ಕಟ್ಟುವಾಗಲೇ ಹಲಾಲ್: ಮಕ್ಕಳೊಂದಿಗೆ ದೂರ ಪ್ರಯಾಣ ಹೊರಡುವ ಮುನ್ನ

ದಸರಾ ರಜೆ ಸಮೀಪಿಸುತ್ತಿದ್ದಂತೆ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯ ನಮ್ಮ ಮನೆಗಳಲ್ಲಿ ಮಕ್ಕಳ ಪ್ರಶ್ನೆ ಒಂದೇ: ಈ ಸಲ ಎಲ್ಲಿಗೆ? ವಿಜಯಪುರದಲ್ಲಿ 1656ರಲ್ಲಿ ಪೂರ್ಣಗೊಂಡ ಗೋಳಗುಮ್ಮಟವನ್ನೂ, ಕಲಬುರಗಿಯ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿಯಾ ಮಸೀದಿಯನ್ನೂ ಮಕ್ಕಳಿಗೆ ತೋರಿಸಬೇಕೆಂಬುದು ಅನೇಕ ತಂದೆ-ತಾಯಿಯರ ಬಹುದಿನದ ಆಸೆ. ನವಲಗುಂದದಿಂದ ಹೊರಟು ನರಗುಂದ, ಕುಳಗೇರಿ ಕ್ರಾಸ್, ಕೊಲ್ಹಾರ ದಾಟಿ ವಿಜಯಪುರ. ಅಲ್ಲಿಂದ ಸಿಂದಗಿ, ಜೇವರ್ಗಿ ಮೂಲಕ ಕಲಬುರಗಿ. ಹೋಗುವ ದಾರಿಯೇ ಮುನ್ನೂರು ಕಿಲೋಮೀಟರಿಗೂ ಹೆಚ್ಚು.

ಇಂತಹ ಪ್ರಯಾಣಕ್ಕೆ ನಾವು ಎಷ್ಟೊಂದು ಸಿದ್ಧತೆ ಮಾಡುತ್ತೇವೆ! ಗಾಡಿಯ ಟೈರಿಗೆ ಗಾಳಿ, ಮಕ್ಕಳಿಗೆ ವಾಂತಿಯ ಔಷಧ, ಉಳಿಯಲು ಕೋಣೆ ಎಲ್ಲವೂ ಮೊದಲೇ ನಿಶ್ಚಯವಾಗುತ್ತದೆ. ಆದರೆ ಊಟದ ವಿಷಯ ಬಂದಾಗ ಮಾತ್ರ, 'ದಾರಿಯಲ್ಲಿ ನೋಡಿಕೊಂಡರಾಯಿತು' ಎನ್ನುತ್ತೇವೆ. ಹಲಾಲ್ ಪಾಲನೆಯಲ್ಲಿ ನಮ್ಮ ಕಾಲು ಜಾರುವುದು ಹೆಚ್ಚಾಗಿ ಢಾಬಾದ ಮೇಜಿನ ಮುಂದಲ್ಲ, ಮನೆಯಲ್ಲಿ ಆಡಿದ ಈ ಒಂದು ಮಾತಿನಲ್ಲಿ.

ನಮ್ಮದೇ ಅನುಭವವನ್ನು ಹೇಳಿಕೊಳ್ಳುವುದು ಉಚಿತ. ಒಮ್ಮೆ ಹೀಗೆಯೇ ಬರಿಗೈಯಲ್ಲಿ ಹೊರಟೆವು. ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಹಸಿವಿನಿಂದ ಮಕ್ಕಳು ಅಳತೊಡಗಿದಾಗ ಕಣ್ಣಿಗೆ ಬಿದ್ದ ಮೊದಲ ಢಾಬಾದೊಳಗೆ ಹೋಗಿ ಕುಳಿತೆವು. ಪಕ್ಕದ ಮೇಜಿನ ಮಕ್ಕಳು ಕೋಳಿ ತಿನ್ನುತ್ತಿದ್ದರು. ನಾವು ಅನ್ನ, ಸಾರು ಹೇಳಿದೆವು. ಆರು ವರ್ಷದ ಮಗ ಎಲ್ಲರಿಗೂ ಕೇಳುವಂತೆ, 'ಅಬ್ಬಾ, ಅವರು ತಿಂತಾರಲ್ಲ, ನಾವ್ಯಾಕ ತಿನ್ನಬಾರದು?' ಎಂದು ಕೇಳಿದ. ಜನ ನಮ್ಮತ್ತ ತಿರುಗಿದರು. ಮುಜುಗರದಿಂದ ನಾವು ಅವನನ್ನು, 'ಸುಮ್ಮನಿರು' ಎಂದು ಗದರಿದೆವು. ಅವನು ತಲೆ ತಗ್ಗಿಸಿದ. ಆ ಪ್ರಶ್ನೆಯನ್ನು ಮತ್ತೆಂದೂ ಕೇಳಲಿಲ್ಲ. ಆ ದಿನ ನಾವು ಹರಾಮ್ ತುತ್ತನ್ನು ತಿನ್ನಲಿಲ್ಲ, ನಿಜ. ಆದರೆ ಹಲಾಲ್ ಎಂದರೆ ನಾಲ್ಕು ಜನರ ಮುಂದೆ ಮರೆಮಾಚಬೇಕಾದ ಸಂಗತಿ ಎಂಬ ಪಾಠವನ್ನು ಆ ಎಳೆಯ ಮನಸ್ಸಿಗೆ ಕಲಿಸಿಬಿಟ್ಟೆವು.

ಈ ಪಾಠದ ಬೆಲೆ ಇಂದು ಹೆಚ್ಚಾಗಿದೆ. 2022ರ ಯುಗಾದಿಯ ವೇಳೆ ನಮ್ಮ ರಾಜ್ಯದಲ್ಲಿ ಹಲಾಲ್ ಮಾಂಸವನ್ನು ಬಹಿಷ್ಕರಿಸಬೇಕೆಂಬ ಕರೆ ಕೇಳಿಬಂದಾಗಿನಿಂದ ನಮ್ಮ ಮಕ್ಕಳು ಈ ಪದವನ್ನು ಜಗಳದ ಪದವಾಗಿ ಕೇಳುತ್ತಾ ಬೆಳೆಯುತ್ತಿದ್ದಾರೆ. ಅದರ ನಿಜವಾದ ಅರ್ಥವನ್ನು ನಾವು ಹೇಳಿಕೊಡದಿದ್ದರೆ ಟಿ.ವಿ. ಮತ್ತು ಮೊಬೈಲ್ ಹೇಳಿಕೊಡುತ್ತವೆ.

ಹಾಗಾದರೆ ಹಲಾಲ್ ಎಂದರೇನು? ಪವಿತ್ರ ಕುರ್‌ಆನ್ ನಿಷೇಧಗಳ ದೊಡ್ಡ ಪಟ್ಟಿಯನ್ನೇನೂ ಮುಂದಿಡುವುದಿಲ್ಲ. ಅಲ್ ಬಕರಃ ಅಧ್ಯಾಯದ 168ನೇ ಸೂಕ್ತವು ಭೂಮಿಯಲ್ಲಿರುವ ಧರ್ಮಸಮ್ಮತ ಹಾಗೂ ಶುದ್ಧ ವಸ್ತುಗಳನ್ನು ತಿನ್ನಲು ಮನುಕುಲವನ್ನೇ ಆಹ್ವಾನಿಸುತ್ತದೆ. 173ನೇ ಸೂಕ್ತವು ಸತ್ತ ಪ್ರಾಣಿ, ರಕ್ತ, ಹಂದಿಮಾಂಸ ಮತ್ತು ಅಲ್ಲಾಹನ ಹೊರತು ಅನ್ಯರ ಹೆಸರಲ್ಲಿ ಬಲಿಯಾದುದನ್ನು ನಿಷೇಧಿಸುತ್ತದೆ. ಮದ್ಯದ ನಿಷೇಧ ಬೇರೆಡೆ ಬಂದಿದೆ. ಜೋಳ, ಗೋಧಿ, ಬೇಳೆ, ಕಾಳು, ಕಾಯಿಪಲ್ಯ, ಹಣ್ಣು, ಹಾಲು, ಮೊಸರು ಎಲ್ಲವೂ ನಮಗೆ ತೆರೆದೇ ಇವೆ. ಬಾಗಿಲು ವಿಶಾಲವಾಗಿದೆ, ಮುಚ್ಚಿರುವುದು ಕೆಲವು ಕಿಂಡಿಗಳು ಮಾತ್ರ. ಮಗುವಿಗೆ ಮೊದಲು ಹೇಳಬೇಕಾದುದು ಈ ವಿಶಾಲತೆಯನ್ನು.

ಇನ್ನು ಸಿದ್ಧತೆಯ ಮಾತು. ನಮ್ಮ ಹಿರಿಯರು ಬುತ್ತಿಯಿಲ್ಲದೆ ಊರ ಗಡಿ ದಾಟುತ್ತಿರಲಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಬೇಸನ್ ಉಂಡಿ, ಒಗ್ಗರಣೆ ಹಾಕಿದ ಚುರುಮುರಿ ಇವು ಹಲವು ದಿನ ಕೆಡದ ತಿನಿಸುಗಳು. ಬೇಯಿಸಿದ ತತ್ತಿ, ಮನೆಯಲ್ಲಿ ಮಾಡಿದ ಕೀಮಾ ಮೊದಲ ಊಟಕ್ಕೇ ಮುಗಿಯಲಿ. ಬಿಸಿಲಲ್ಲಿ ಗಾಡಿಯೊಳಗೆ ಮಾಂಸ ಉಳಿಸುವುದು ಬೇಡ. ಜಾತ್ರೆಗೆ ಹೋಗುವ ನೆರೆಹೊರೆಯವರು ಕಟ್ಟುವ ಬುತ್ತಿಯೂ ಹೆಚ್ಚುಕಡಿಮೆ ಇದೇ. ಹಲಾಲ್ ಪಾಲನೆಗೆ ನಾವು ಹೊಸದೇನನ್ನೂ ಕಲಿಯಬೇಕಾಗಿಲ್ಲ. ಈ ಸೀಮೆಯ ಹಳೆಯ ರೂಢಿಯನ್ನು ಮರೆಯದಿದ್ದರೆ ಸಾಕು.

ಬುತ್ತಿ ಮುಗಿದ ಮೇಲೆ? ಉತ್ತರ ಕರ್ನಾಟಕದ ಊರೂರುಗಳಲ್ಲಿ ಲಿಂಗಾಯತ ಖಾನಾವಳಿಗಳಿವೆ. ಶುದ್ಧ ಸಸ್ಯಾಹಾರವಾದ ಅಲ್ಲಿನ ರೊಟ್ಟಿ ಊಟವನ್ನು ನಿಶ್ಚಿಂತೆಯಿಂದ ಮಾಡಬಹುದು. ಕೊಲ್ಹಾರದಲ್ಲಿ ಗಾಡಿ ನಿಲ್ಲಿಸಿ, ಹೆಸರಾದ ಅಲ್ಲಿನ ಗಡಿಗೆ ಮೊಸರನ್ನು ಮಕ್ಕಳಿಗೆ ಕೊಡಿಸಬಹುದು. ಮಾಂಸದ ಊಟ ಬೇಕಾದರೆ ಮಾಲೀಕರನ್ನು ವಿನಯದಿಂದ ಕೇಳಿ: 'ಅಣ್ಣಾರ, ಮಾಂಸ ಯಾವ ಅಂಗಡಿಯಿಂದ ತರತೀರಿ?' ಉತ್ತರ ಸ್ಪಷ್ಟವಿದ್ದರೆ ಕುಳಿತುಕೊಳ್ಳಿ, ಇಲ್ಲದಿದ್ದರೆ ಬೇಳೆ ಸಾರು ಹೇಳಿ. ಮದ್ಯ ಹಂಚುವ ಮೇಜಿನ ಬಳಿ ಕುಳಿತುಕೊಳ್ಳುವುದನ್ನು ಪ್ರವಾದಿವರ್ಯರು(ಸ) ತಡೆದಿರುವುದರಿಂದ 'ಬಾರ್ ಅಂಡ್ ರೆಸ್ಟೋರೆಂಟ್' ಫಲಕವಿರುವಲ್ಲಿ ಇಳಿಯದಿರುವುದೇ ಲೇಸು.

ಪೊಟ್ಟಣದ ತಿಂಡಿಗಳಲ್ಲೂ ಎಚ್ಚರ ಬೇಕು. ಹಸಿರು ಚುಕ್ಕೆ ಸಸ್ಯಾಹಾರದ ಗುರುತು. ಮಕ್ಕಳು ಇಷ್ಟಪಡುವ ಕೆಲವು ಜೆಲ್ಲಿ ಮಿಠಾಯಿಗಳಲ್ಲಿ ಪ್ರಾಣಿಮೂಲದ ಜೆಲಾಟಿನ್ ಇರುತ್ತದೆ. ಓದಲು ಕಲಿತ ಮಗುವಿಗೆ ಈ ಗುರುತನ್ನು ಹುಡುಕುವ ಕೆಲಸ ಒಪ್ಪಿಸಿ ನೋಡಿ. ಬೇಡವೆಂದು ಗದರಿಸಿಕೊಳ್ಳುವ ಮಗು, ತಾನೇ ನೋಡಿ ತೀರ್ಮಾನಿಸುವ ಮಗುವಾಗುತ್ತದೆ.

ಆದರೆ ಎಚ್ಚರವು ಸಂಶಯದ ರೋಗವಾಗಬಾರದು. ಹೊಸದಾಗಿ ಇಸ್ಲಾಮ್ ಸ್ವೀಕರಿಸಿದ ಜನರು ಮಾಂಸ ತಂದುಕೊಡುತ್ತಾರೆ, ಅಲ್ಲಾಹನ ನಾಮ ಉಚ್ಚರಿಸಿದ್ದಾರೋ ಇಲ್ಲವೋ ತಿಳಿಯದು ಎಂದು ಕೆಲವರು ಕೇಳಿದಾಗ, ನೀವೇ ಅಲ್ಲಾಹನ ನಾಮ ಹೇಳಿ ತಿನ್ನಿರೆಂದು ಪ್ರವಾದಿವರ್ಯರು(ಸ) ತಿಳಿಸಿದರೆಂದು ಆಯಿಶಾ(ರ) ವರದಿ ಮಾಡಿದ್ದಾರೆ (ಬುಖಾರಿ). ಮುಸ್ಲಿಮ್ ಸಹೋದರನೊಬ್ಬ ಪ್ರೀತಿಯಿಂದ ಬಡಿಸಿದ ಊಟವನ್ನು ವಿಚಾರಣೆಗೆ ಒಳಪಡಿಸುವುದು ಧರ್ಮನಿಷ್ಠೆಯಲ್ಲ.

ಆಹಾರದ ನಿಯಮ ಪಾಲಿಸುವ ಪ್ರಯಾಣಿಕರು ನಾವಷ್ಟೇ ಅಲ್ಲ ಎಂಬುದನ್ನೂ ಮಕ್ಕಳು ತಿಳಿಯಲಿ. ನೆರೆಯ ಜೈನ ಕುಟುಂಬ ಈರುಳ್ಳಿ, ಬೆಳ್ಳುಳ್ಳಿಯಿಲ್ಲದ ಬುತ್ತಿ ಕಟ್ಟುತ್ತದೆ. ಯಹೂದಿಯರ ಕೋಷರ್ ನಿಯಮದಲ್ಲಿ ಹಂದಿಮಾಂಸ ನಿಷಿದ್ಧ; ಮಾಂಸ ಮತ್ತು ಹಾಲನ್ನು ಅವರು ಒಟ್ಟಿಗೆ ತಿನ್ನುವುದಿಲ್ಲ, ಎರಡಕ್ಕೂ ಪಾತ್ರೆಗಳೇ ಬೇರೆ. ದೇವನಿಗಾಗಿ ಒಂದು ತುತ್ತನ್ನು ಬಿಡುವುದು ಅವಮಾನವಲ್ಲ, ಅದು ಭಕ್ತರೆಲ್ಲರಿಗೂ ಪರಿಚಿತವಾದ ಶಿಸ್ತು.

ನಮಾಝ್ ಕೂಡ ಯೋಜನೆಯ ಭಾಗವಾಗಲಿ. ಪ್ರಯಾಣಿಕರಿಗೆ ನಮಾಝನ್ನು ಸಂಕ್ಷಿಪ್ತಗೊಳಿಸುವ ರಿಯಾಯಿತಿಯನ್ನು ಅನ್ನಿಸಾ ಅಧ್ಯಾಯದ 101ನೇ ಸೂಕ್ತ ನೀಡಿದೆ. ಝುಹರ್, ಅಸರ್, ಇಶಾಗಳ ನಾಲ್ಕು ರಕಅತ್ ಎರಡಾಗುತ್ತದೆ. ಫಜ್ರ್ ಮತ್ತು ಮಗ್ರಿಬ್ ಹಾಗೆಯೇ ಉಳಿಯುತ್ತವೆ. ಹನಫೀ ವಿದ್ವಾಂಸರು ಇದಕ್ಕೆ ಸುಮಾರು 77 ಕಿಲೋಮೀಟರ್ ದೂರವನ್ನು ಗಣಿಸುತ್ತಾರೆ. ಎರಡು ನಮಾಝ್‌ಗಳನ್ನು ಒಂದೇ ವೇಳೆಯಲ್ಲಿ ಜೋಡಿಸುವ ವಿಷಯದಲ್ಲಿ ಹನಫೀ ಮತ್ತು ಶಾಫಿಈ ಅಭಿಪ್ರಾಯಗಳು ಬೇರೆಯಾಗಿರುವುದರಿಂದ ಹೊರಡುವ ಮುನ್ನ ನಿಮ್ಮ ಮಸೀದಿಯ ಇಮಾಮರನ್ನು ಕೇಳಿಕೊಳ್ಳಿ. ನಮ್ಮ ನವಲಗುಂದದ ಹೆಣ್ಣುಮಕ್ಕಳು ತಲೆಮಾರುಗಳಿಂದ ನೇಯ್ದು ಹೆಸರಾದ ಜಮಖಾನವೊಂದು ಗಾಡಿಯಲ್ಲಿರಲಿ. ದಾರಿಯ ಬೇವಿನ ನೆರಳಲ್ಲಿ ಅದನ್ನು ಹಾಸಿ ನಮಾಝ್ ಮಾಡಿ, ಅದರ ಪಕ್ಕದಲ್ಲೇ ಬುತ್ತಿ ಬಿಚ್ಚಿದ ನೆನಪು ಮಕ್ಕಳಲ್ಲಿ ಬಹುಕಾಲ ಉಳಿಯುತ್ತದೆ.

ಊಟದ ತಟ್ಟೆಯಲ್ಲಿ ಕೈಯನ್ನು ಅತ್ತಿತ್ತ ಆಡಿಸುತ್ತಿದ್ದ ಬಾಲಕ ಉಮರ್ ಬಿನ್ ಅಬೀ ಸಲಮಾ(ರ)ರಿಗೆ ಪ್ರವಾದಿವರ್ಯರು(ಸ) ಮೂರು ಮಾತು ಕಲಿಸಿದರು: ಅಲ್ಲಾಹನ ನಾಮ ಹೇಳು, ಬಲಗೈಯಿಂದ ತಿನ್ನು, ನಿನ್ನ ಮುಂದಿರುವುದನ್ನು ತಿನ್ನು. ಆ ಬಾಲಕ ಅಂದಿನಿಂದ ಜೀವನವಿಡೀ ಹಾಗೆಯೇ ತಿಂದರು (ಬುಖಾರಿ). ಗದರಿಕೆಯಿಲ್ಲದ ಮೂರು ಮಾತು ಒಂದು ಜೀವಮಾನಕ್ಕೆ ಸಾಕಾಯಿತು! ಢಾಬಾದಲ್ಲಿ ನಮ್ಮ ಮಗನಿಗೂ ನಾವು ಅಷ್ಟೇ ಸರಳವಾಗಿ, 'ಮಗಾ, ನಮ್ಮ ಊಟವನ್ನು ನಾವು ಅಲ್ಲಾಹನನ್ನು ಕೇಳಿ ಆರಿಸಿಕೊಳ್ಳುತ್ತೇವೆ. ಅವರು ತಿನ್ನುವುದು ಅವರಿಗೆ ಬಿಟ್ಟದ್ದು' ಎಂದು ಹೇಳಬಹುದಿತ್ತು. ಪಕ್ಕದ ಮೇಜಿನವರಿಗೆ ಕೇಳಿಸಿದ್ದರೂ ಯಾರಿಗೂ ನೋವಾಗುತ್ತಿರಲಿಲ್ಲ.

ಈ ರಜೆಯಲ್ಲಿ ಮತ್ತೆ ಹೊರಡುವವರಿದ್ದೇವೆ. ಬುತ್ತಿ ಕಟ್ಟುವಾಗ ಅವನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇವೆ. ಅವನು ನುಂಗಿಕೊಂಡ ಆ ಪ್ರಶ್ನೆಯನ್ನು ಈ ಸಲ ನಾವೇ ಎತ್ತಿ, ಉತ್ತರಿಸುತ್ತೇವೆ.

ನಮ್ಮ ಪ್ರಯಾಣಗಳನ್ನು ಅಲ್ಲಾಹನು ಸುಗಮಗೊಳಿಸಲಿ, ನಮ್ಮ ಮಕ್ಕಳ ತುತ್ತನ್ನೂ ಮನಸ್ಸನ್ನೂ ಶುದ್ಧವಾಗಿಡಲಿ. ಆಮೀನ್.